ಮಧ್ಯಾಹ್ನ ಮಲಗುವ ಪ್ರಿಂಟರ್‌ಗಳ ವಿಚಾರದಲ್ಲಿ ಕೊಟ್ಟ ಹೇಳಿಕೆ

ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಪ್ರಿಂಟರಕ್ಕ ಎಂದೇ ಆಗಿರುವ ನಾನು, ವಯಸ್ಸು ನಲವತ್ತೇಳು, ಉದ್ಯೋಗ ಪ್ರಿಂಟರ್ ಮತ್ತು ಆಫೀಸ್ ನೆಟ್‌ವರ್ಕ್ ರಿಪೇರಿ, ವಾಸ ಹಳೆ ಬಸ್ ನಿಲ್ದಾಣದ ಹಿಂದಿನ ಓಣಿ, ಟೈಲರ್ ಅಂಗಡಿಯ ಮೇಲಿನ ಮಹಡಿ. ಕನ್ನಡಕದ ಗಾಜಿನ ಕಾರ್ಖಾನೆಯಲ್ಲಿ ಪ್ರಿಂಟರ್‌ಗಳು ಕೆಡುತ್ತಿದ್ದ ವಿಚಾರವಾಗಿ ನಾನು ಕಣ್ಣಾರೆ ಕಂಡದ್ದನ್ನು, ಕೈಯಾರೆ ಮುಟ್ಟಿ ನೋಡಿದ್ದನ್ನು ಠಾಣೆಯಲ್ಲಿ ಕೇಳಲಾಗಿ, ಯಾರ ಒತ್ತಾಯವೂ ಇಲ್ಲದೆ ತಿಳಿಸುವುದು ಏನೆಂದರೆ:

ಸದರಿ ಕಾರ್ಖಾನೆ ನನ್ನ ಅಂಗಡಿಯಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿದೆ. ಅಲ್ಲಿ ಕನ್ನಡಕದ ಗಾಜುಗಳನ್ನು ಉಜ್ಜಿ, ಹೊಳಪು ಕೊಟ್ಟು ಅಂಗಡಿಗಳಿಗೆ ಕಳಿಸುತ್ತಾರೆ. ಒಂದೊಂದು ಜೋಡಿ ಗಾಜಿಗೆ ಒಂದೊಂದು ಪ್ಲಾಸ್ಟಿಕ್ ಟ್ರೇ, ಒಂದೊಂದು ಟ್ರೇಗೆ ಒಂದೊಂದು ಚೀಟಿ. ಗಾಜು ಯಾರದ್ದು, ಎಡಗಣ್ಣಿನ ಪವರ್ ಎಷ್ಟು, ಬಲಗಣ್ಣಿನದು ಎಷ್ಟು ಎಂಬುದು ಆ ಚೀಟಿಯಲ್ಲಿರುತ್ತದೆ. ಚೀಟಿ ಇಲ್ಲದ ಗಾಜು ಹೆಸರಿಡದ ಕೂಸಿನ ಹಾಗೆ. ಇದ್ದೂ ಯಾರ ಲೆಕ್ಕಕ್ಕೂ ಇಲ್ಲ. ಈ ಚೀಟಿಗಳನ್ನು ನಾಲ್ಕು ವೈರ್‌ಲೆಸ್ ಪ್ರಿಂಟರ್‌ಗಳು ಮುದ್ರಿಸುತ್ತವೆ.

ಕೆಲಸದ ಹಾಲ್ ಉದ್ದಕ್ಕಿದೆ. ಗಾಜು ಉಜ್ಜುವಾಗ ಬಿಸಿಯಾಗದಂತೆ ಯಂತ್ರಗಳ ಮೇಲೆ ಸದಾ ನೀರು ಹರಿಯುತ್ತಿರುತ್ತದೆ. ಆ ನೀರಿನ ಸದ್ದು, ಯಂತ್ರದ ಗುಂಯ್ ಎನ್ನುವ ಸದ್ದು, ನಡುನಡುವೆ ಪ್ರಿಂಟರ್‌ಗಳ ಕಿರ್ ಕಿರ್ ಸೇರಿ, ಒಳಗೆ ಬಂದವರಿಗೆ ಸ್ವಲ್ಪ ಹೊತ್ತಿನಲ್ಲೇ ಆಕಳಿಕೆ ಬರುತ್ತದೆ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಟ್ರೇಗಳ ಮೇಲೆ ಬಿದ್ದಾಗ ಗಾಜುಗಳ ಬೆಳಕು ಛಾವಣಿಯಲ್ಲಿ ದುಂಡುದುಂಡಾಗಿ ಈಜಾಡುತ್ತದೆ. ಇದನ್ನೂ ಬರೆಯಬೇಕೇ ಎಂದು ಬರೆದುಕೊಳ್ಳುತ್ತಿರುವ ಪೇದೆಯವರು ಕೇಳಿದರು. ಮುಂದೆ ಬೇಕಾಗುತ್ತದೆ ಎಂದು ಹೇಳಿದ್ದರಿಂದ ಬರೆದಿದ್ದಾರೆ.

ಹಾಲ್‌ನ ಹಿಂದಿನ ಗೋಡೆಗೆ ಸೇರಿಕೊಂಡಂತೆ, ನಡುಮಧ್ಯದಲ್ಲಿ ಒಂದು ಕೋಣೆ ಇದೆ. ಕಾರ್ಖಾನೆ ಕಟ್ಟಿದ ದೊಡ್ಡ ಯಜಮಾನರು ಅಲ್ಲಿ ಕೂರುತ್ತಿದ್ದರು. ಅವರು ತೀರಿಕೊಂಡು ಎಂಟು ತಿಂಗಳಾಯಿತು. ಅಂದಿನಿಂದ ಆ ಕೋಣೆಗೆ ಬೀಗ. ಪ್ರಿಂಟರ್‌ಗಳ ನಾಲ್ಕು ಮೇಜುಗಳೂ ಆ ಕೋಣೆಯ ಹೊರಗೋಡೆಗೆ ಆತುಕೊಂಡೇ ಇವೆ. ಈಗ ವ್ಯವಹಾರ ನೋಡುವವರು ಅವರ ಮಗ. ಎಲ್ಲರೂ ಚಿಕ್ಕ ಯಜಮಾನರು ಎನ್ನುತ್ತಾರೆ. ಕಾರ್ಖಾನೆಯ ಹಿಂದೆ ಒಂದು ಅಂಗಳ, ಅಂಗಳ ದಾಟಿದರೆ ಅವರ ಮನೆ. ದೊಡ್ಡ ಯಜಮಾನರ ಹೆಂಡತಿ ಮಗನೊಂದಿಗೆ ಆ ಮನೆಯಲ್ಲಿದ್ದಾರೆ. ಅವರನ್ನು ಕಾರ್ಖಾನೆಯವರೆಲ್ಲ ದೊಡ್ಡಮ್ಮ ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ.

ಸದ್ಯ ಠಾಣೆಯ ಬೆಂಚಿನ ಮೇಲೆ ಕೂತಿರುವವರು ಕಾರ್ಖಾನೆಯ ಅಟೆಂಡರ್. ಎಲ್ಲ ಬಾಗಿಲುಗಳ ಕೀಲಿಕೈಯೂ ಅವರ ಸೊಂಟದಲ್ಲೇ ಜೋತಾಡುವುದರಿಂದ ಅವರಿಗೆ ಕೀಲಿ ಮಾಮ ಎಂದು ಹೆಸರು. ನಡೆದು ಬಂದರೆ ಮೊದಲು ಸದ್ದು ಬರುತ್ತದೆ, ಆಮೇಲೆ ಮನುಷ್ಯ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಕಾರ್ಖಾನೆಯ ಮ್ಯಾನೇಜರ್ ನನಗೆ ಫೋನ್ ಮಾಡಿದರು. ಮೂರು ವಾರದಿಂದ ದಿನಾ ಮಧ್ಯಾಹ್ನ ಊಟದ ಹೊತ್ತು ಕಳೆಯುತ್ತಿದ್ದಂತೆ ನಾಲ್ಕೂ ಪ್ರಿಂಟರ್‌ಗಳು ಒಟ್ಟಿಗೆ ಸಂಪರ್ಕ ಕಳೆದುಕೊಳ್ಳುತ್ತವೆ, ಸಂಜೆ ತಾವಾಗಿಯೇ ಸರಿಹೋಗುತ್ತವೆ ಎಂದು ತಿಳಿಸಿದರು. ಹೋದ ವಾರ ಹೀಗೆ ನಿಂತಾಗ ಚೀಟಿಗಳನ್ನು ಕೈಯಲ್ಲಿ ಬರೆದು ಕಳಿಸಿದ್ದರಂತೆ. ಅವಸರದಲ್ಲಿ ಒಬ್ಬ ಬಸ್ ಡ್ರೈವರ್‌ಗೆ ಎಡಗಣ್ಣಿನ ಗಾಜು ಬಲಕ್ಕೆ, ಬಲದ್ದು ಎಡಕ್ಕೆ ಹೋಯಿತಂತೆ. ಅವರು ಡಿಪೋದಲ್ಲೇ ಕನ್ನಡಕ ಹಾಕಿ ನೋಡಿ, ಕಂಬ ಎರಡಾಗಿ ಕಂಡದ್ದರಿಂದ ಬಸ್ ಹತ್ತಲಿಲ್ಲ. ಅವರು ಡಿಪೋ ದಾಟಿದ್ದರೆ ಏನಾಗುತ್ತಿತ್ತು ಎಂದು ಹೇಳುವಾಗ ಮ್ಯಾನೇಜರ್ ದನಿ ಸಣ್ಣಗಾಯಿತು.

ನಾನು ಹನ್ನೊಂದು ಗಂಟೆಗೆ ಅಲ್ಲಿಗೆ ಹೋದೆನು. ಆಗ ನಾಲ್ಕೂ ಪ್ರಿಂಟರ್‌ಗಳು ಗಿಣಿಯ ಹಾಗೆ ಹೇಳಿದ್ದನ್ನು ಮುದ್ರಿಸುತ್ತಿದ್ದವು. ಡಾಕ್ಟರ ಮುಂದೆ ಕೂತ ಕೂಡಲೇ ಜ್ವರ ಇಳಿಯುವ ಜಾತಿಯ ಕಾಯಿಲೆ ಇದು ಎಂದು ತಿಳಿಯಿತು. ಆದರೂ ಒಂದೊಂದನ್ನೂ ಆರಿಸಿ ಹಚ್ಚಿ, ಒಳಗಿನ ಸಾಫ್ಟ್‌ವೇರ್ ಹೊಸದು ಮಾಡಿ, ಮುಂದಿನ ಆಫೀಸಿನಲ್ಲಿರುವ ವೈಫೈ ಡಬ್ಬಿಯನ್ನೂ ಪರೀಕ್ಷಿಸಿ, ಪರೀಕ್ಷೆಯ ಹಾಳೆ ತೆಗೆದು ತೋರಿಸಿ ಬಂದೆನು. ನಾನು ಅಂಗಡಿ ತಲುಪಿ ಊಟಕ್ಕೆ ಕೂರುವಷ್ಟರಲ್ಲಿ ಮ್ಯಾನೇಜರ್ ಮತ್ತೆ ಫೋನ್ ಮಾಡಿ, ನಿಂತಿವೆ ಎಂದರು.

ಮರುದಿನ ಮಂಗಳವಾರ ಬೇಕೆಂದೇ ಊಟದ ಹೊತ್ತಿಗೆ ಹೋಗಿ ಕೂತೆನು. ಒಂದೂ ಇಪ್ಪತ್ತಕ್ಕೆ ಮೊದಲನೆಯ ಪ್ರಿಂಟರ್ ಅರ್ಧ ಚೀಟಿಯಲ್ಲಿ ನಿಂತಿತು. ಅದರ ಹಿಂದೆ ಎರಡನೆಯದು, ಮೂರನೆಯದು, ನಾಲ್ಕನೆಯದು. ಜಗಳವಿಲ್ಲ, ಗದ್ದಲವಿಲ್ಲ, ಮಕ್ಕಳು ಕತೆ ಕೇಳುತ್ತ ಒಬ್ಬೊಬ್ಬರಾಗಿ ನಿದ್ದೆ ಹೋದ ಹಾಗೆ. ಕಿರ್ ಕಿರ್ ನಿಂತ ಮೇಲೆ ಹಾಲ್‌ನಲ್ಲಿ ನೀರಿನ ಸದ್ದು ಮಾತ್ರ ಉಳಿಯಿತು. ಪ್ಯಾಕಿಂಗ್ ಮೇಜಿನ ಹೆಂಗಸರಿಬ್ಬರು ಗಲ್ಲಕ್ಕೆ ಕೈಕೊಟ್ಟು ಕಣ್ಣು ಮುಚ್ಚಿದರು. ಅವರಲ್ಲಿ ಹಿರಿಯವರು, ದಿನಾ ಈ ಹೊತ್ತಿಗೆ ಹೀಗೇ, ಯಂತ್ರಕ್ಕೂ ತೂಕಡಿಕೆ ಬರುತ್ತದೆ, ನಾವು ಯಾವ ಲೆಕ್ಕ ಎಂದು ಹೇಳಿದರು.

ನಾನು ಪ್ರಿಂಟರ್‌ಗಳ ಪುಟ್ಟ ಪರದೆಯನ್ನು ನೋಡಿದೆನು. ಸಂಪರ್ಕ ಇದೆ ಎಂದೇ ಇತ್ತು. ಇದ್ದದ್ದಷ್ಟೇ ಅಲ್ಲ, ಸಿಗ್ನಲ್ ಗೆರೆಗಳು ಪೂರ್ತಿ ತುಂಬಿದ್ದವು. ಹಿಂದಿನ ದಿನ ಬೆಳಿಗ್ಗೆ ಎಲ್ಲ ಸರಿಯಿದ್ದಾಗ ಎರಡೇ ಗೆರೆ ಇದ್ದದ್ದು ನನಗೆ ಚೆನ್ನಾಗಿ ನೆನಪಿತ್ತು. ಕೆಟ್ಟಾಗ ಸಿಗ್ನಲ್ ಹೆಚ್ಚುವುದು ಎಲ್ಲೂ ಇಲ್ಲದ ಮಾತು. ಒಂದು ಪ್ರಿಂಟರ್‌ನಿಂದ ನೆಟ್‌ವರ್ಕ್ ವಿವರದ ಹಾಳೆ ತೆಗೆದೆನು. ನೆಟ್‌ವರ್ಕಿನ ಹೆಸರು ಅದೇ, ಬೆಳಕು ಎಂದು. ಆದರೆ ಪ್ರಿಂಟರ್‌ಗೆ ಸಿಕ್ಕಿದ್ದ ವಿಳಾಸದ ಅಂಕಿಗಳು ಬೇರೆ, ಆ ಕಾರ್ಖಾನೆಯ ಸಾಲಿನವೇ ಅಲ್ಲ. ಆರಿಸಿ ಹಚ್ಚಿದರೂ ಅದೇ ಬೇರೆ ವಿಳಾಸವನ್ನೇ ಹಿಡಿದುಕೊಂಡು ಬಂತು.

ಇದರಿಂದ ನನಗೆ ತಿಳಿದದ್ದು, ಬೆಳಕು ಎಂಬ ಒಂದೇ ಹೆಸರಿನ ಎರಡು ವೈಫೈ ಅಲ್ಲಿವೆ ಎಂಬುದು. ನಮ್ಮ ಅಜ್ಜಿ ಒಂದು ಕತೆ ಹೇಳುತ್ತಿದ್ದಳು. ಒಬ್ಬ ತನ್ನ ಹಸುವನ್ನು ಪಕ್ಕದ ಊರಿಗೆ ಕೊಟ್ಟನಂತೆ. ಹೊಸ ಮನೆಯಲ್ಲಿ ಹುಲ್ಲು, ನೀರು, ನೆರಳು ಯಾವುದಕ್ಕೂ ಕಡಿಮೆ ಇಲ್ಲ. ಆದರೂ ಹಳೆಯ ಮನೆಯ ಕೊಟ್ಟಿಗೆಯಲ್ಲಿ ದೀಪ ಕಂಡರೆ ಸಾಕು, ಹಗ್ಗ ಕಿತ್ತುಕೊಂಡು ಅಲ್ಲಿಗೆ ಹೋಗಿ ನಿಲ್ಲುತ್ತಿತ್ತಂತೆ. ಹಳೆಯ ಕೊಟ್ಟಿಗೆಯಲ್ಲಿ ಹಾಲು ಕರೆಯುವವರಿಲ್ಲ, ಹೊಸ ಮನೆಯವರಿಗೆ ಹಸುವಿಲ್ಲ. ಈ ಪ್ರಿಂಟರ್‌ಗಳು ಮಾಡಿದ್ದೂ ಅದನ್ನೇ. ಹೆಸರೂ ಪಾಸ್‌ವರ್ಡೂ ಒಂದೇ ಆದರೆ ಅವುಗಳಿಗೆ ಹೊಸತು ಹಳತು ಗೊತ್ತಾಗುವುದಿಲ್ಲ. ಹತ್ತಿರ ಕಂಡದ್ದಕ್ಕೆ ಹೋಗುತ್ತವೆ. ಕಂಪ್ಯೂಟರ್‌ಗಳಿಗೆ ವೈರ್ ಇರುವುದರಿಂದ, ಕೆಲಸದವರ ಫೋನ್‌ಗಳನ್ನು ಗೇಟಿನಲ್ಲೇ ತೆಗೆದಿಡುವುದರಿಂದ, ಬೇರೆ ಯಾರಿಗೂ ಇದರ ಸುಳಿವು ಸಿಕ್ಕಿರಲಿಲ್ಲ.

ಮ್ಯಾನೇಜರನ್ನು ಕೇಳಲಾಗಿ, ದೊಡ್ಡ ಯಜಮಾನರು ತೀರಿಕೊಂಡ ಮೇಲೆ ಹೊಸ ಸಂಪರ್ಕ ಹಾಕಿಸಿ ಡಬ್ಬಿಯನ್ನು ಮುಂದಿನ ಆಫೀಸಿಗೆ ತಂದರು, ಬೆಳಕು ಎಂಬುದು ಅಪ್ಪ ಇಟ್ಟ ಹೆಸರು, ಅದನ್ನೂ ಪಾಸ್‌ವರ್ಡನ್ನೂ ಬದಲಾಯಿಸಬೇಡಿ ಎಂದು ಚಿಕ್ಕ ಯಜಮಾನರೇ ಹೇಳಿದ್ದರು ಎಂದು ತಿಳಿಸಿದರು. ಹಳೆಯ ಡಬ್ಬಿ ಎಲ್ಲಿ ಎಂದು ಕೇಳಿದ್ದಕ್ಕೆ, ಅದು ಬೀಗ ಹಾಕಿದ ಕೋಣೆಯಲ್ಲೇ ಇದೆ, ಆದರೆ ಆ ಕೋಣೆಯ ಮೇನ್ ಸ್ವಿಚ್ಚನ್ನೇ ಇಳಿಸಿದೆ, ಸತ್ತ ಡಬ್ಬಿ ಏನು ಮಾಡೀತು ಎಂದರು.

ನಾನು ಕೈಯಲ್ಲಿ ಫೋನ್ ಹಿಡಿದು ಸಿಗ್ನಲ್ ನೋಡುತ್ತ ಹಾಲ್‌ನಲ್ಲಿ ನಡೆದೆನು. ಕೋಣೆಯ ಬಾಗಿಲಿಗೆ ಬಂದಾಗ ಸಿಗ್ನಲ್ ತುಂಬಿತು. ಬಾಗಿಲಿಗೆ ಹೊರಗಿನಿಂದ ಬೀಗ ಇತ್ತು. ಕಿವಿ ಕೊಟ್ಟಾಗ ಒಳಗೆ ಫ್ಯಾನ್ ತಿರುಗುವ ಸದ್ದು ಕೇಳಿಸಿತು. ಫ್ಯಾನಿನ ಸದ್ದಿನೊಳಗೆ ಇನ್ನೊಂದು ಸದ್ದು ಇತ್ತು. ಯಾರೋ ಉಸಿರಾಡುತ್ತಿದ್ದರು. ನಿಧಾನವಾಗಿ, ತಡೆತಡೆದು, ಬಹಳ ದೂರ ನಡೆದು ಬಂದು ಮಲಗಿದವರ ಹಾಗೆ. ನನಗೆ ಹೆದರಿಕೆ ಆಗಲಿಲ್ಲ. ಎಷ್ಟು ಹೊತ್ತು ಕಿವಿ ಕೊಟ್ಟು ನಿಂತಿದ್ದೆನೋ ಹೇಳಲಾರೆ. ಬೆನ್ನ ಹಿಂದೆ ಕೀಲಿಗಳ ಸದ್ದು ಕೇಳಿ ತಿರುಗಿದೆನು.

ಕೀಲಿ ಮಾಮ ನಿಂತಿದ್ದರು. ಅವರು ಮೆಲ್ಲಗೆ ಹೇಳಿದ್ದು ಇಷ್ಟೇ:

“ಪ್ರಿಂಟರಕ್ಕ, ನಿನ್ನ ಕಾಲಿಗೆ ಬೀಳ್ತೀನಿ, ಈ ಬಾಗಿಲು ಒಂದು ಬಿಟ್ಬಿಡು.”

ವಯಸ್ಸಿನಲ್ಲಿ ನನ್ನ ತಂದೆಯಷ್ಟು ಇರುವವರು ಹಾಗೆ ಹೇಳಿದ್ದರಿಂದ ನಾನು ಬಾಗಿಲಿನಿಂದ ಆಚೆ ಸರಿದೆನು. ಒಳಗೆ ಯಾರು ಎಂದು ಕೇಳಿದೆನು. ಅವರು ನೆಲ ನೋಡಿದರು. ಆ ದಿನ ನಾನು ಮ್ಯಾನೇಜರಿಗೆ ನಾಳೆ ಬಂದು ಮುಗಿಸುತ್ತೇನೆ ಎಂದಷ್ಟೇ ಹೇಳಿ ಹೊರಟೆನು. ಕೀಲಿ ಮಾಮನೊಂದಿಗೆ ಬೇರೆಯಾಗಿ ಕೂತು ಮಾತಾಡಿದರೆ ಸುಲಭವಾಗಿ ಬಗೆಹರಿಯುತ್ತದೆ ಎಂದು ನನ್ನ ಎಣಿಕೆ ಇತ್ತು.

ಆದರೆ ಅದೇ ಸಂಜೆ ಮ್ಯಾನೇಜರ್ ಸಿಸಿಟಿವಿ ತೆಗೆದು ನೋಡಿದ್ದಾರೆ. ಪ್ರತಿದಿನ ಊಟದ ಹೊತ್ತಿನಲ್ಲಿ ಕೀಲಿ ಮಾಮ ಆಚೆ ಈಚೆ ನೋಡಿ, ಗೋಡೆಯ ಮೇಲಿನ ಮೇನ್ ಸ್ವಿಚ್ ಎತ್ತಿ, ಬೀಗ ತೆಗೆದು ಕೋಣೆಯೊಳಗೆ ಹೋಗಿ, ಒಂದು ನಿಮಿಷದಲ್ಲಿ ಒಬ್ಬರೇ ಹೊರಬಂದು ಮತ್ತೆ ಬೀಗ ಹಾಕುವುದೂ, ನಾಲ್ಕು ಗಂಟೆಗೆ ಮತ್ತೆ ಒಳಗೆ ಹೋಗಿ ಬಂದು ಸ್ವಿಚ್ ಇಳಿಸುವುದೂ ಅದರಲ್ಲಿದೆ. ಸ್ವಿಚ್ ಎತ್ತಿದ ಐದು ನಿಮಿಷಕ್ಕೆ ಪ್ರಿಂಟರ್‌ಗಳು ನಿಲ್ಲುತ್ತವೆ. ಇದನ್ನು ಆಧರಿಸಿ, ಬೇಕೆಂದೇ ಯಂತ್ರ ಕೆಡಿಸಿ ಜನರ ಕಣ್ಣಿಗೆ ಅಪಾಯ ತಂದಿದ್ದಾರೆ ಎಂದು ಮ್ಯಾನೇಜರ್ ದೂರು ಕೊಟ್ಟಿರುವುದು ನನಗೆ ಆಮೇಲೆ ತಿಳಿಯಿತು.

ಬುಧವಾರ ಬೆಳಿಗ್ಗೆ ಕೀಲಿ ಮಾಮನನ್ನು ಠಾಣೆಗೆ ಕರೆಸಲಾಯಿತು. ಆ ದಿನ ಮಧ್ಯಾಹ್ನ ನಾಲ್ಕೂ ಪ್ರಿಂಟರ್‌ಗಳು ಒಂದು ಕ್ಷಣವೂ ನಿಲ್ಲದೆ ಕೆಲಸ ಮಾಡಿದವು. ಮ್ಯಾನೇಜರ್ ನನಗೆ ಫೋನ್ ಮಾಡಿ, ಇನ್ನು ಬರಬೇಕಾಗಿಲ್ಲ, ಕಾಯಿಲೆ ಠಾಣೆಯಲ್ಲಿ ಹೋಗಿ ಕೂತಿದೆ, ಔಷಧಿ ಯಾಕೆ ಎಂದು ನಕ್ಕರು. ನಾನು ನಗಲಿಲ್ಲ. ಪ್ರಿಂಟರ್‌ಗಳು ಚೆನ್ನಾಗಿ ನಡೆದಷ್ಟೂ ಆ ಮುದುಕರ ಕುತ್ತಿಗೆಗೆ ಹಗ್ಗ ಬಿಗಿಯುತ್ತಿತ್ತು. ನನ್ನ ಈ ಕೆಲಸದಲ್ಲಿ ಯಂತ್ರ ಕೆಟ್ಟು ನಿಲ್ಲಲಿ ಎಂದು ಬಯಸಿದ್ದು ಅದೊಂದೇ ಸಲ.

ಇಂದು ಗುರುವಾರ ಯಾರೂ ಕರೆಯದಿದ್ದರೂ ನಾನಾಗಿ ಹೊರಟೆನು. ದಾರಿಯಲ್ಲಿ ಯೋಚಿಸಿದ್ದು ಇಷ್ಟು: ಕೀಲಿ ಮಾಮ ಒಳಗೆ ಹೋದದ್ದು ಒಬ್ಬರೇ, ಹೊರಗೆ ಬಂದದ್ದೂ ಒಬ್ಬರೇ, ಮುಂದಿನ ಬಾಗಿಲಿಗೆ ಹೊರಗಿನಿಂದ ಬೀಗ, ಆದರೂ ಒಳಗೆ ಉಸಿರು ಇತ್ತು. ಹಾಗಾದರೆ ಇನ್ನೊಂದು ಬಾಗಿಲು ಇರಲೇಬೇಕು. ಆದ್ದರಿಂದ ಗೇಟಿನ ಒಳಗೆ ಹೋಗದೆ ಕಾಂಪೌಂಡಿನ ಪಕ್ಕದ ಓಣಿಯಿಂದ ಹಿಂದಿನ ಅಂಗಳಕ್ಕೆ ಬಂದೆನು. ಆಗ ಮಧ್ಯಾಹ್ನ ಎರಡು ಗಂಟೆ. ಕೋಣೆಗೆ ಅಂಗಳದ ಕಡೆಗೂ ಒಂದು ಸಣ್ಣ ಬಾಗಿಲಿತ್ತು. ಒಳಗಿನಿಂದ ಚಿಲಕ ಹಾಕಿತ್ತು. ಅದರ ಮೆಟ್ಟಿಲ ಮೇಲೆ ದೊಡ್ಡಮ್ಮ ಒಂದು ತಲೆದಿಂಬನ್ನು ಮಡಿಲಲ್ಲಿ ಇಟ್ಟುಕೊಂಡು, ಗೋಡೆಯ ಗೇಣಗಲದ ನೆರಳಿನಲ್ಲಿ ಕೂತಿದ್ದರು.

ಇಲ್ಲಿ ಯಾಕೆ ಕೂತಿದ್ದೀರಿ ಎಂದು ಕೇಳಿದೆನು. ಕೀಲಿ ಬಂದು ಚಿಲಕ ತೆಗೆಯಲಿ ಎಂದು ಕಾಯುತ್ತಿದ್ದೇನೆ, ನಿನ್ನೆಯೂ ಬರಲಿಲ್ಲ, ಜ್ವರವೋ ಏನೋ, ಮಗನನ್ನು ಕೇಳುವ ಹಾಗಿಲ್ಲ ಎಂದರು. ಅವರ ಕಣ್ಣುಗಳು ಕೆಂಪಾಗಿದ್ದವು. ಎರಡು ದಿನದಿಂದ ರೆಪ್ಪೆ ಮುಚ್ಚಿಲ್ಲ ಎಂದರು. ಕೀಲಿ ಮಾಮ ಠಾಣೆಯಲ್ಲಿರುವ ವಿಷಯವನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ. ನಾನು ಪಕ್ಕದಲ್ಲಿ ಕೂತು ತಿಳಿಸಿದೆನು. ಅವರು ದಿಂಬಿನ ಅಂಚನ್ನು ಸವರುತ್ತ ಕೇಳಿದರು:

“ಅವನು ಬಾಯಿ ಬಿಡಲಿಲ್ವಾ?”

“ಇಲ್ಲ ದೊಡ್ಡಮ್ಮ. ಏನು ಕೇಳಿದ್ರೂ ನಾನೇ ಅಂತ ಬರ್ಕೊಳ್ಳಿ ಅಂತಿದಾರಂತೆ.”

“ನನ್ನಾಣೆ ಇಟ್ಟಿದ್ದೆ ಕಣಮ್ಮ, ಯಾರಿಗಾದ್ರೂ ಹೇಳಿದ್ರೆ ನಾನು ಸತ್ತ ಹಾಗೆ ಅಂತ. ಪೆದ್ದ, ನಿಜವಾಗ್ಲೂ ಸತ್ತುಹೋಗ್ತೀನಿ ಅಂತ ಹೆದರಿರ್ತಾನೆ.”

ನಂತರ ಅವರು ತಿಳಿಸಿದ್ದು ಈ ರೀತಿ ಇದೆ. ಮದುವೆಯಾಗಿ ಬಂದಾಗ ಕಾರ್ಖಾನೆಯಲ್ಲಿ ಇದ್ದದ್ದು ಒಂದೇ ಯಂತ್ರ. ಗಂಡ ಉಜ್ಜುತ್ತಿದ್ದರು, ಇವರು ನೀರು ಹೊಯ್ಯುತ್ತಿದ್ದರು. ದೊಡ್ಡದಾದ ಮೇಲೂ ದಿನಾ ಮಧ್ಯಾಹ್ನ ಊಟ ತಂದು, ಗಂಡ ಉಂಡು ಆರಾಮ ಕುರ್ಚಿಯಲ್ಲಿ ಒರಗಿದರೆ ಇವರು ಕೆಳಗೆ ಚಾಪೆ ಹಾಸಿ ಮಲಗುತ್ತಿದ್ದರು. ಹಗಲು ಆ ಒಂದು ನಿದ್ದೆ ಇದ್ದರೆ ರಾತ್ರಿ ಹೇಗಾದರೂ ಕಳೆಯುತ್ತಿತ್ತು. ಗಂಡ ಹೋದ ಮೇಲೆ ನಿದ್ದೆಯೂ ಅವರ ಹಿಂದೆಯೇ ಹೋಯಿತು. ಮನೆಯ ಮಂಚ ಬದಲಾಯಿಸಿದರು, ಕೋಣೆ ಬದಲಾಯಿಸಿದರು, ಡಾಕ್ಟರ್ ಮಾತ್ರೆ ಬದಲಾಯಿಸಿದರು. ಮಾತ್ರೆ ತಿಂದರೆ ಕಣ್ಣು ಮುಚ್ಚುತ್ತದೆ, ನಿದ್ದೆ ಬರುವುದಿಲ್ಲ ಎಂದರು. ಅಲ್ಲಿ ಹೋಗಿ ಕೂತರೆ ಅಳುತ್ತೀಯ, ಆ ಕಡೆ ಹೋಗಬೇಡ ಎಂದು ಮಗ ಕೋಣೆಗೆ ಬೀಗ ಹಾಕಿಸಿದ. ಬರುವ ತಿಂಗಳು ಅದನ್ನು ಒಡೆದು ಹೊಳಪಿನ ಯಂತ್ರ ಕೂರಿಸುತ್ತಾನಂತೆ. ಮೂರು ವಾರದ ಹಿಂದೆ ಇವರು ಕೀಲಿ ಮಾಮನನ್ನು ಕೇಳಿಕೊಂಡರು. ಅವರು ಮುಂದಿನಿಂದ ಒಳಗೆ ಹೋಗಿ ಹಿಂದಿನ ಚಿಲಕ ತೆಗೆದು, ಸೆಕೆಗೆ ಫ್ಯಾನ್ ಹಾಕಿ ಹೋಗುತ್ತಿದ್ದರು, ನಾಲ್ಕಕ್ಕೆ ಇವರು ಎದ್ದು ಮನೆಗೆ ಹೋದ ಮೇಲೆ ಬಂದು ಚಿಲಕ ಹಾಕುತ್ತಿದ್ದರು. ಫ್ಯಾನ್ ತಿರುಗಬೇಕಾದರೆ ಮೇನ್ ಸ್ವಿಚ್ ಎತ್ತಬೇಕು. ಮೇನ್ ಎತ್ತಿದರೆ ಮೇಜಿನ ಮೇಲಿನ ಹಳೆಯ ಡಬ್ಬಿಯೂ ಎಚ್ಚರವಾಗುತ್ತದೆ ಎಂಬುದು ಇಬ್ಬರಿಗೂ ತಿಳಿದಿರಲಿಲ್ಲ.

ಕೊನೆಯಲ್ಲಿ ಅವರು ಒಂದು ಮಾತು ಹೇಳಿದರು:

“ಆದ್ರೂ ಮೊದಲಿನ ನಿದ್ದೆ ಅಲ್ಲಮ್ಮ ಅದು. ಗೋಡೆ ಆಚೆ ಕಿರ್ ಕಿರ್ ಅಂತಿರುತ್ತಲ್ಲ, ಅದು ಕೇಳ್ತಾ ಕೇಳ್ತಾ ಕಣ್ಣು ಹತ್ತುತ್ತೆ. ಅಷ್ಟರಲ್ಲಿ ಅದು ನಿಂತೇ ಹೋಗುತ್ತೆ. ಅದು ನಿಂತ್ರೆ ನನಗೆ ಅರೆ ಎಚ್ಚರ.”

ಇದನ್ನು ಕೇಳಿ ನಾನು ನಗಬೇಕೋ ಅಳಬೇಕೋ ತಿಳಿಯದೆ ಕೂತೆನು. ಅವರು ಮಲಗಲು ಬಂದದ್ದರಿಂದ ಪ್ರಿಂಟರ್ ನಿಲ್ಲುತ್ತಿತ್ತು. ಪ್ರಿಂಟರ್ ನಿಂತದ್ದರಿಂದ ಅವರ ನಿದ್ದೆ ಕೆಡುತ್ತಿತ್ತು. ಇದನ್ನು ವಿವರಿಸಿದಾಗ ದೊಡ್ಡಮ್ಮ ಒಂದೇ ಸಲಕ್ಕೆ ಅರ್ಥ ಮಾಡಿಕೊಂಡರು. ಹಳೆಯ ಬೆಳಕನ್ನು ನೋಡಿ ಅವೂ ನನ್ನ ಹಾಗೆ ಇಲ್ಲಿಗೆ ಬರುತ್ತಿದ್ದವಾ ಎಂದು ಕೇಳಿದರು. ಹೌದು ಎಂದೆನು. ಅವರು ಎದ್ದು, ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು, ನಡಿ ಎಂದರು.

ನಾವಿಬ್ಬರೂ ಎರಡೂಮುಕ್ಕಾಲಿಗೆ ಕಾರ್ಖಾನೆಯ ಮುಂದಿನ ಗೇಟಿನಿಂದ ಒಳಗೆ ಹೋದೆವು. ದಿಂಬು ಹಿಡಿದು ಬರುತ್ತಿದ್ದ ದೊಡ್ಡಮ್ಮನನ್ನು ಕಂಡು ಕೆಲಸದವರೆಲ್ಲ ಎದ್ದು ನಿಂತರು. ಹಾಲ್‌ನಲ್ಲಿದ್ದ ಚಿಕ್ಕ ಯಜಮಾನರು ಓಡಿ ಬಂದು, ಏನಾಯಿತಮ್ಮ ಎಂದು ಕೈ ಹಿಡಿದರು. ದೊಡ್ಡಮ್ಮ ಕೈ ಬಿಡಿಸಿಕೊಳ್ಳದೆ, ಕೋಣೆಯ ಬೀಗ ತೆಗೆಸು, ಈ ಹುಡುಗಿ ಏನೋ ತೋರಿಸುತ್ತಾಳೆ ಎಂದರು. ನಲವತ್ತೇಳರ ನನ್ನನ್ನು ಹುಡುಗಿ ಎಂದವರು ಈಚೆಗೆ ಅವರೊಬ್ಬರೇ. ಕೀಲಿ ಮಾಮ ಠಾಣೆಗೆ ಹೊರಡುವಾಗ ಕೀಲಿಗೊಂಚಲನ್ನು ಮ್ಯಾನೇಜರ್ ಕೈಗೆ ಕೊಟ್ಟಿದ್ದರು. ಸರಿಯಾದ ಕೀಲಿ ಹುಡುಕುವುದಕ್ಕೆ ಮ್ಯಾನೇಜರಿಗೆ ಸಾಕಷ್ಟು ಹೊತ್ತು ಬೇಕಾಯಿತು.

ನಾನು ಎಲ್ಲರ ಎದುರಿನಲ್ಲಿ ಮೇನ್ ಸ್ವಿಚ್ ಎತ್ತಿದೆನು. ಕೋಣೆಯೊಳಗೆ ಫ್ಯಾನ್ ತಿರುಗತೊಡಗಿತು. ಮೇಜಿನ ಮೇಲೆ ಧೂಳು ಹಿಡಿದಿದ್ದ ಡಬ್ಬಿಯಲ್ಲಿ ಒಂದು ಹಸಿರು ಚುಕ್ಕೆ ಮೂಡಿತು. ಐದು ನಿಮಿಷ ಕಳೆಯಿತು. ಆಮೇಲೆ ಪ್ರಿಂಟರ್‌ಗಳು ಒಂದರ ಹಿಂದೆ ಒಂದು ನಿಂತವು. ಠಾಣೆಯಲ್ಲಿ ಕೂತ ಕೀಲಿ ಮಾಮನ ಕೈ ಇಷ್ಟು ದೂರಕ್ಕೆ ಚಾಚುವುದಿಲ್ಲ ಎಂಬುದನ್ನು ನಾನು ಮ್ಯಾನೇಜರಿಗೆ ಹೇಳಬೇಕಾಗಲಿಲ್ಲ. ಅವರು ಕೀಲಿಗೊಂಚಲನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಿದ್ದರು.

ಚಿಕ್ಕ ಯಜಮಾನರು ನೋಡುತ್ತಿದ್ದದ್ದು ಪ್ರಿಂಟರ್‌ಗಳನ್ನಲ್ಲ. ಕೋಣೆಯ ನೆಲದ ಧೂಳಿನಲ್ಲಿ ಚಾಪೆ ಹಾಸುವಷ್ಟು ಜಾಗ ಮಾತ್ರ ಗುಡಿಸಿ ಸ್ವಚ್ಛವಾಗಿತ್ತು. ಅವರು ಅದನ್ನು ನೋಡುತ್ತಿದ್ದರು.

“ನನಗೆ ಒಂದು ಮಾತು ಹೇಳಬಾರದಿತ್ತಾ ಅಮ್ಮ?”

“ಹೇಳಿದ್ರೆ ನೀನು ಇನ್ನೊಬ್ಬ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಿದ್ದೆ.”

ಚಿಕ್ಕ ಯಜಮಾನರು ಮೂಲೆಯಲ್ಲಿ ಸುತ್ತಿಟ್ಟಿದ್ದ ಚಾಪೆಯನ್ನು ತಂದುಕೊಟ್ಟರು. ದೊಡ್ಡಮ್ಮ ಕುರ್ಚಿಯ ಪಕ್ಕದಲ್ಲಿ ಚಾಪೆ ಹಾಸಿ, ತಾವು ಎಲ್ಲಿ ಮಲಗುತ್ತಿದ್ದರು, ತಲೆ ಯಾವ ಕಡೆಗೆ ಎಂದು ತೋರಿಸಲು ದಿಂಬಿಟ್ಟು ಒರಗಿದರು. ಕೀಲಿಯದು ಏನೂ ತಪ್ಪಿಲ್ಲ, ಆಣೆಯನ್ನು ನಾನೇ ವಾಪಸ್ ತಗೊಂಡಿದ್ದೇನೆ ಎಂದು ಹೋಗಿ ಹೇಳು ಎಂದು ನನಗೆ ಹೇಳುತ್ತಿದ್ದರು. ಅಷ್ಟರಲ್ಲಿ ನಾನು ಬಗ್ಗಿ ಹಳೆಯ ಡಬ್ಬಿಯ ಪ್ಲಗ್ ಕಿತ್ತೆನು. ಫ್ಯಾನ್ ಹಾಗೆಯೇ ತಿರುಗುತ್ತಿತ್ತು. ಹಸಿರು ಚುಕ್ಕೆ ಆರಿತು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಒಂದು ಪ್ರಿಂಟರ್ ಕೆಮ್ಮಿ ಎದ್ದಿತು. ಆಮೇಲೆ ನಾಲ್ಕೂ ಸೇರಿ, ತಡೆಹಿಡಿದಿದ್ದ ಚೀಟಿಗಳನ್ನೆಲ್ಲ ಕಿರ್ ಕಿರ್ ಎಂದು ಸುರಿಯತೊಡಗಿದವು. ದೊಡ್ಡಮ್ಮನ ಮಾತು ಅರ್ಧಕ್ಕೆ ನಿಂತಿತು. ಏನೋ ಮರೆತರು ಎಂದು ತಿರುಗಿ ನೋಡಿದೆನು. ನಿದ್ದೆ ಹೋಗಿದ್ದರು.

ಉಸಿರು ತಡೆಯುತ್ತಿರಲಿಲ್ಲ. ಮಂಗಳವಾರ ಬಾಗಿಲ ಹೊರಗಿನಿಂದ ಕೇಳಿದ ಉಸಿರಲ್ಲ ಅದು. ತೆರೆದ ಬಾಗಿಲಾಚೆ ಹಾಲ್‌ನ ಛಾವಣಿಯಲ್ಲಿ ಬೆಳಕಿನ ದುಂಡುಗಳು ಒಂದಕ್ಕೊಂದು ತಾಗದೆ ತೇಲುತ್ತಿದ್ದವು. ನೀರು ಹರಿಯುತ್ತಿತ್ತು. ಮ್ಯಾನೇಜರ್ ಏನೋ ಕೇಳಲು ಬಾಯಿ ತೆರೆದಾಗ ಚಿಕ್ಕ ಯಜಮಾನರು ಬೆರಳನ್ನು ತುಟಿಗೆ ಇಟ್ಟು, ಚಪ್ಪಲಿಯನ್ನು ಕೈಗೆ ತೆಗೆದುಕೊಂಡು ಹೊರಗೆ ಬಂದರು. ನಾವೂ ಹಾಗೇ ಬಂದೆವು. ಹಾಲ್‌ನಲ್ಲಿ ಕೆಲಸದವರೆಲ್ಲ ಪಿಸುಮಾತಿನಲ್ಲಿ ದುಡಿಯುತ್ತಿದ್ದರು. ಪ್ರಿಂಟರ್‌ಗಳಿಗೆ ಮಾತ್ರ ಪಿಸುಮಾತು ಗೊತ್ತಿಲ್ಲ, ಅವಕ್ಕೆ ಗೊತ್ತಿಲ್ಲದಿರುವುದೇ ಒಳ್ಳೆಯದು.

ಸಂಜೆ ಐದಕ್ಕೆ ನಾನು ಠಾಣೆಗೆ ಬಂದೆನು. ಬೆಂಚಿನ ಮೇಲಿದ್ದ ಕೀಲಿ ಮಾಮನಿಗೆ ಎಲ್ಲವೂ ಹೊರಬಂದಿದೆ, ದೊಡ್ಡಮ್ಮನೇ ಆಣೆಯನ್ನು ವಾಪಸ್ ತೆಗೆದುಕೊಂಡಿದ್ದಾರೆ, ಇನ್ನು ನಡೆದದ್ದನ್ನು ಹೇಳಬಹುದು ಎಂದು ತಿಳಿಸಿದೆನು. ಅವರು ತಮ್ಮ ಮೇಲಿನ ದೂರಿನ ಬಗ್ಗೆ ಕೇಳಲಿಲ್ಲ. ಎರಡು ದಿನದಿಂದ ನೆಲ ನೋಡುತ್ತಿದ್ದವರು ತಲೆಯೆತ್ತಿ ಹೀಗೆ ಕೇಳಿದರು:

“ನಿದ್ದೆ ಮಾಡಿದ್ರಾ?”

“ಮಾಡ್ತಿದಾರೆ ಮಾಮ. ಮಾತಾಡ್ತಾ ಮಾತಾಡ್ತಾನೇ ಮಲಗಿಬಿಟ್ರು.”

“ನಾಲ್ಕು ಗಂಟೆ ಆಗಿಹೋಯ್ತಲ್ಲ. ಮೇನ್ ಸ್ವಿಚ್ ಯಾರು ಇಳಿಸಿದ್ರು?”

ಯಾರೂ ಇಳಿಸಿಲ್ಲ, ಇಳಿಸುವುದೂ ಬೇಕಿಲ್ಲ ಎಂದು ಹೇಳಿದೆನು. ಆಗ ಅವರು ಗೋಡೆಗೆ ಒರಗಿ ಕೂತರು. ಅವರ ಬೆನ್ನು ಗೋಡೆಗೆ ತಾಗಿದ್ದನ್ನು ಎರಡು ದಿನದಲ್ಲಿ ಇದೇ ಮೊದಲು ನೋಡಿದ್ದು ಎಂದು ಪೇದೆಯವರು ಹೇಳಿದರು.

ದೂರಿನಲ್ಲಿ ಹೇಳಿರುವಂತೆ ಯಾರೂ ಬೇಕೆಂದು ಯಾವ ಯಂತ್ರವನ್ನೂ ಕೆಡಿಸಿಲ್ಲ ಎಂಬುದು, ರಿಪೇರಿ ಕೆಲಸ ಬಲ್ಲವಳಾಗಿ ನನ್ನ ಖಚಿತ ಅಭಿಪ್ರಾಯ. ಒಂದೇ ಹೆಸರಿನ ಎರಡು ಸಂಪರ್ಕ ಇದ್ದದ್ದೇ ಕಾರಣ. ಹಳೆಯ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಚಿಕ್ಕ ಯಜಮಾನರ ಕೈಗೆ ಕೊಟ್ಟಿದ್ದೇನೆ, ಬೇಕಾದರೆ ಹಾಜರುಪಡಿಸುತ್ತಾರೆ. ಕೀಲಿ ಮಾಮನನ್ನು ಮನೆಗೆ ಕಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ದೊಡ್ಡಮ್ಮನ ಹೇಳಿಕೆಯನ್ನೂ ಈಗಲೇ ಪಡೆಯಬೇಕು, ಜೀಪು ಕಳಿಸುತ್ತೇನೆ ಎಂದು ಇನ್ಸ್‌ಪೆಕ್ಟರ್ ಸಾಹೇಬರು ಹೇಳಿದ್ದರಿಂದ, ಅವರ ಎದುರಿನಲ್ಲೇ ಚಿಕ್ಕ ಯಜಮಾನರಿಗೆ ಫೋನ್ ಮಾಡಿದೆನು. ಕಾರ್ಖಾನೆಯ ಹೊತ್ತು ಮುಗಿದಿದೆ, ಕೆಲಸದವರು ಹೋಗಿದ್ದಾರೆ, ಅಮ್ಮ ಇನ್ನೂ ಎದ್ದಿಲ್ಲ ಎಂದು ಅವರು ಬಹಳ ಸಣ್ಣ ದನಿಯಲ್ಲಿ ತಿಳಿಸಿದರು. ಫೋನಿನಲ್ಲಿ ಕಿರ್ ಕಿರ್ ಸದ್ದು ಕೇಳುತ್ತಿತ್ತು. ಚೀಟಿ ಇನ್ನೂ ಮುಗಿದಿಲ್ಲವೇ ಎಂದು ಕೇಳಿದೆನು. ಚೀಟಿಗಳೆಲ್ಲ ಆಗಲೇ ಮುಗಿದಿವೆ, ಈಗ ಬರೀ ಖಾಲಿ ಹಾಳೆ ಓಡಿಸುತ್ತಾ ಕೂತಿದ್ದೇನೆ ಎಂದರು.

ಆದ್ದರಿಂದ ದೊಡ್ಡಮ್ಮನ ಹೇಳಿಕೆಯನ್ನು ಅವರು ತಾವಾಗಿ ಎದ್ದ ಮೇಲೆ ಪಡೆಯಬೇಕಾಗಿಯೂ, ಜೀಪು ಹೋಗಲೇಬೇಕಾದರೆ ಗೇಟಿನಿಂದ ದೂರದಲ್ಲಿ ನಿಲ್ಲಿಸಬೇಕಾಗಿಯೂ ವಿನಂತಿ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಲಾಗಿದೆ. ನಾನು ಹೇಳಿದಂತೆಯೇ ಇದೆ. ಹೇಳಿದ್ದೆಲ್ಲವೂ ನಡೆದದ್ದೇ ಆಗಿದೆ.

ಸ್ಥಳ: ಪೊಲೀಸ್ ಠಾಣೆ, ಮುಂದಿನ ಕೋಣೆ
ದಿನ: ಗುರುವಾರ, ಹದಿನಾರನೇ ತಾರೀಖು, ಸಂಜೆ

ಹೇಳಿಕೆ ಕೊಟ್ಟವರ ಸಹಿ: ಪ್ರಿಂಟರಕ್ಕ
ಬರೆದುಕೊಂಡವರ ಸಹಿ: ಠಾಣೆಯ ಪೇದೆ